ಕೇಳ್ಮೆಯ ಮೊದಲ ಮೆಟ್ಟಿಲು: ರಾಗಸಂಗೀತ ಮತ್ತು ಸಂಮಿಶ್ರ ಸಂಗೀತವನ್ನು ಕುರಿತ ಕೆಲವು ವಿಚಾರಗಳು

೧

ಸಂಗೀತವನ್ನು ಕುರಿತು ನಮ್ಮಲ್ಲಿ ಬಂದಿರುವ ಬರೆಹಗಳಲ್ಲಿ ಹೆಚ್ಚಿನವು ಹಾಡುವವನನ್ನೋ ವಾಗ್ಗೇಯಕಾರನನ್ನೋ ಲಕ್ಷಣಗ್ರಂಥವನ್ನೋ ಕುರಿತವು. ಕೇಳುವವನ ಕಡೆಗೆ ಮುಖಮಾಡಿದ ಬರೆಹ ವಿರಳ. ಕಾವ್ಯದ ವಿಷಯದಲ್ಲಿ ನಮ್ಮ ಪ್ರಾಚೀನರು ಹೀಗೆ ಮಾಡಲಿಲ್ಲ. ಕವಿಯಷ್ಟೇ ಸಹೃದಯನೂ ಮುಖ್ಯನೆಂದು ಅವರು ಎಣಿಸಿದರು. ಕಾವ್ಯವನ್ನು ಮತ್ತೆ ಮತ್ತೆ ಅನುಶೀಲಿಸಿ, ಆ ಅಭ್ಯಾಸಬಲದಿಂದ ಮನಸ್ಸೆಂಬ ಕನ್ನಡಿಯನ್ನು ತಿಳಿಗೊಳಿಸಿಕೊಂಡವನೇ ಸಹೃದಯನೆಂಬುದು ಅಭಿನವಗುಪ್ತನ ಅಭಿಪ್ರಾಯ. ಇಲ್ಲಿ ನಾವು ಗಮನಿಸಬೇಕಾದದ್ದು ಅಭ್ಯಾಸವೆಂಬ ಮಾತನ್ನು. ಸಹೃದಯತೆ ಹುಟ್ಟಿನಿಂದ ಬಂದ ಹಕ್ಕಲ್ಲ, ರೂಢಿಸಿಕೊಂಡ ಗುಣ. ಕಾವ್ಯಕ್ಕೆ ಸಲ್ಲುವ ಈ ಮಾತು ಸಂಗೀತಕ್ಕೆ ಇನ್ನೂ ಹೆಚ್ಚಾಗಿ ಸಲ್ಲುತ್ತದೆ.

ಕಾಲೇಜುಗಳಲ್ಲಿ ಪಾಠ ಹೇಳುವ ನಮ್ಮೆದುರಿಗೆ ವರ್ಷವರ್ಷವೂ ಒಂದು ಪ್ರಶ್ನೆ ಬಂದು ನಿಲ್ಲುತ್ತದೆ. ಶಾಸ್ತ್ರೀಯ ಸಂಗೀತವನ್ನು ಕೇಳಬೇಕೆಂಬ ಆಸೆಯುಳ್ಳ ವಿದ್ಯಾರ್ಥಿಯೊಬ್ಬನು ತರಗತಿ ಮುಗಿದ ಮೇಲೆ ಹತ್ತಿರ ಬಂದು, "ಕೇಳಿದರೆ ಏನೂ ಅರ್ಥವಾಗುವುದಿಲ್ಲ ಸರ್, ಎಲ್ಲಿಂದ ಶುರುಮಾಡಬೇಕು?" ಎಂದು ಸಂಕೋಚದಿಂದ ಕೇಳುತ್ತಾನೆ. ಆ ಪ್ರಶ್ನೆಗಿಂತಲೂ ಅದರ ಹಿಂದಿನ ಸಂಕೋಚ ನಮ್ಮನ್ನು ಯೋಚನೆಗೆ ಹಚ್ಚಬೇಕು. ಪಂಪನನ್ನು ಓದಿಲ್ಲವೆಂದು ಹೇಳುವಾಗ ಅವನಿಗೆ ಇಷ್ಟು ನಾಚಿಕೆಯಿಲ್ಲ. ಕೂತು ಓದಿದರೆ ತಿಳಿದೀತೆಂಬ ಧೈರ್ಯವಿದೆ. ಸಂಗೀತದಲ್ಲಾದರೋ, ಅದು ಬೇರೆ ಯಾರಿಗೋ ಸೇರಿದ ಸೊತ್ತು, ತನ್ನ ಕಿವಿ ಅದಕ್ಕೆ ತಕ್ಕದ್ದಲ್ಲ ಎಂಬ ಅಳುಕು. ಈ ಅಳುಕು ಕಾರಣವಿಲ್ಲದೆ ಹುಟ್ಟಿದ್ದಲ್ಲ. ಅರಮನೆ, ದೇಗುಲ, ಸಭೆಗಳ ಆಶ್ರಯದಲ್ಲಿ ಬೆಳೆದ ಈ ಕಲೆಯ ಸುತ್ತ ಅನೇಕ ಬೇಲಿಗಳಿದ್ದವು. ಹಾಡುವವರೇ ಜಾತಿಯ ಅವಮಾನವನ್ನು ನುಂಗಬೇಕಾಯಿತೆಂಬುದಕ್ಕೆ ಗಂಗೂಬಾಯಿ ಹಾನಗಲ್ (೧೯೧೩-೨೦೦೯) ಅವರ ಬಾಳು ಸಾಕ್ಷಿಯಾಗಿದೆ. ಹಾಡುವವರ ಪಾಡೇ ಹೀಗಿದ್ದಲ್ಲಿ, ಕೇಳಬಂದವನು ಬಾಗಿಲಲ್ಲಿ ನಿಂತು ಹಿಂಜರಿದರೆ ಅಚ್ಚರಿಯೇನು?

ಈ ವಿದ್ಯಾರ್ಥಿಗೆ ಸಾಮಾನ್ಯವಾಗಿ ಎರಡು ಬಗೆಯ ಉತ್ತರಗಳು ದೊರೆಯುತ್ತವೆ. "ಮೊದಲು ಲಕ್ಷಣವನ್ನು ಕಲಿ, ಮೇಳವೇನು, ರಾಗವೇನು, ತಾಳವೇನು ಎಂದು ತಿಳಿದುಕೋ, ಆಮೇಲೆ ಕಛೇರಿಗೆ ಹೋಗು" ಎಂಬುದು ಪಂಡಿತರ ಉತ್ತರ. "ಅದೆಲ್ಲ ಕಷ್ಟ, ಫ್ಯೂಷನ್ ಕೇಳು, ಗಿಟಾರು, ಡ್ರಮ್ಮುಗಳ ಜೊತೆಗೆ ರಾಗವೂ ಇರುತ್ತದೆ, ಅಲ್ಲಿಂದ ಮೆಲ್ಲಗೆ ಮೇಲಕ್ಕೆ ಹತ್ತಬಹುದು" ಎಂಬುದು ಈಚಿನವರ ಉತ್ತರ. ಮೊದಲನೆಯದು ವ್ಯಾಕರಣದಿಂದ ಭಾಷೆಯನ್ನು ಕಲಿಸಹೊರಡುತ್ತದೆ. ಎರಡನೆಯದು ಸಂಮಿಶ್ರ ಸಂಗೀತವನ್ನು ಮಕ್ಕಳ ಏಣಿಯೆಂದು ಭಾವಿಸಿ ಅದಕ್ಕೂ ಅನ್ಯಾಯಮಾಡುತ್ತದೆ. ಆರಂಭದ ಕೇಳುಗನಿಗೆ ಬೇಕಾದದ್ದು ಲಕ್ಷಣದ ಪಟ್ಟಿಯೂ ಅಲ್ಲ, ಸುಲಭವೆಂಬ ಆಮಿಷವೂ ಅಲ್ಲ; ಕೆಲವೇ ಕೆಲವು ಸಂಗತಿಗಳನ್ನು ಪದೇ ಪದೇ ಕೇಳಿ ಗುರುತು ಹಿಡಿಯುವ ಅಭ್ಯಾಸ; ಹೀಗೆ ಗುರುತು ಹಿಡಿಯಬಲ್ಲ ಕಿವಿಗೆ ಮಾತ್ರವೇ ಸಂಮಿಶ್ರ ಸಂಗೀತದ ಒಳ್ಳೆಯದು ಕೆಟ್ಟದ್ದು ತಿಳಿದೀತು. ಇದು ನಮ್ಮ ಪ್ರಕೃತ ವಾದ.

೨

ಮೊದಲು ಪಂಡಿತರ ಉತ್ತರವನ್ನು ವಿಚಾರಿಸೋಣ. ಹದಿನೇಳನೆಯ ಶತಮಾನದಲ್ಲಿ ವೆಂಕಟಮಖಿಯು 'ಚತುರ್ದಂಡೀಪ್ರಕಾಶಿಕೆ'ಯಲ್ಲಿ ೭೨ ಮೇಳಗಳ ಯೋಜನೆಯನ್ನು ತೋರಿಸಿಕೊಟ್ಟನು. ಉತ್ತರಾದಿ ಸಂಗೀತದ ರಾಗಗಳನ್ನು ವಿಷ್ಣು ನಾರಾಯಣ ಭಾತಖಂಡೆಯವರು (೧೮೬೦-೧೯೩೬) ೧೦ ಥಾಟುಗಳಲ್ಲಿ ವಿಂಗಡಿಸಿದರು. ಇವು ಮಹತ್ತ್ವದ ಕಾರ್ಯಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇವು ಈಗಾಗಲೇ ಕೇಳಿ ಬಲ್ಲವರ ಅನುಭವವನ್ನು ಅಣಿಗೊಳಿಸುವ ಯೋಜನೆಗಳು. ಕೇಳದಿದ್ದವನಿಗೆ ಕಿವಿಯನ್ನು ಕೊಡುವ ಸಾಧನಗಳಲ್ಲ. ಲಕ್ಷ್ಯವು ಮುಂದೆ, ಲಕ್ಷಣವು ಅದರ ಹಿಂದೆ ಎಂಬುದು ಶಾಸ್ತ್ರಕಾರರೇ ಒಪ್ಪಿದ ಕ್ರಮ.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಉತ್ತರಾದಿಯಲ್ಲಿ ಭೂಪ ಮತ್ತು ದೇಶಕಾರ ಎಂಬ ಎರಡು ರಾಗಗಳಿವೆ. ಎರಡರಲ್ಲಿಯೂ ಸ, ರಿ, ಗ, ಪ, ಧ ಎಂಬ ಐದೇ ಸ್ವರಗಳು. ಅವೂ ಒಂದೇ ಸ್ವರೂಪದವು. ಬರೆದಿಟ್ಟ ಆರೋಹಣ ಅವರೋಹಣಗಳನ್ನು ನೋಡಿದವನಿಗೆ ಇವೆರಡೂ ಒಂದೇ ಎಂದು ತೋರಿದರೆ ತಪ್ಪಿಲ್ಲ. ಹೀಗಿದ್ದೂ ಭಾತಖಂಡೆಯವರ ಪದ್ಧತಿಯಲ್ಲಿ ಭೂಪವು ಕಲ್ಯಾಣ ಥಾಟಿಗೂ ದೇಶಕಾರವು ಬಿಲಾವಲ ಥಾಟಿಗೂ ಸೇರಿವೆ. ಭೂಪದಲ್ಲಿ ಗಾಂಧಾರವೇ ವಾದಿ. ಹಾಡು ಸಪ್ತಕದ ಕೆಳಭಾಗದಲ್ಲಿ ನೆಲೆನಿಂತು, ಅಲ್ಲಿಂದ ಮೇಲೆ ಹೋಗಿ ಮರಳುತ್ತದೆ. ದೇಶಕಾರದಲ್ಲಿ ಧೈವತವೇ ವಾದಿ. ಹಾಡು ಮೇಲುಗಡೆಯೇ ಮನೆಮಾಡಿ, ಆಗೀಗ ಕೆಳಗಿಳಿದು ಬರುತ್ತದೆ. ಒಂದು ರಾತ್ರಿಯ ಮೊದಲ ಪಾದಕ್ಕೆ ಹೊಂದಿದ್ದು, ಇನ್ನೊಂದು ಹಗಲಿನ ಪೂರ್ವಭಾಗಕ್ಕೆ. ಒಂದೇ ಐದು ಕೋಣೆಗಳ ಎರಡು ಮನೆಗಳಲ್ಲಿ ಒಬ್ಬರು ನಡುಮನೆಯಲ್ಲಿಯೂ ಇನ್ನೊಬ್ಬರು ಜಗುಲಿಯಲ್ಲಿಯೂ ದಿನ ಕಳೆದಂತೆ ಎನ್ನಬಹುದು. ಈ ವ್ಯತ್ಯಾಸವನ್ನು ನಾವು ಇಲ್ಲಿ ವಿವರಿಸಿದ್ದೇವೆ. ಓದುವವರು ತಿಳಿದುಕೊಂಡೂ ಇರಬಹುದು. ಆದರೆ ಎರಡನ್ನೂ ಕೇಳದವನಿಗೆ ಈ ತಿಳಿವಳಿಕೆಯಿಂದ ಏನೂ ದಕ್ಕಿದಂತಾಗಲಿಲ್ಲ. ಹತ್ತು ಸಲ ಭೂಪವನ್ನು ಕೇಳಿ ಹನ್ನೊಂದನೆಯ ಸಲ ದೇಶಕಾರವನ್ನು ಕೇಳಿದವನಿಗೆ, ವಾದಿಯೆಂಬ ಮಾತೇ ಗೊತ್ತಿಲ್ಲದಿದ್ದರೂ, "ಇದು ಅದಲ್ಲ" ಎಂದು ಕಿವಿ ಹೇಳುತ್ತದೆ. ಆ ಕ್ಷಣವೇ ಕೇಳ್ಮೆಯ ನಿಜವಾದ ಆರಂಭ.

ಪಂಡಿತರ ಉತ್ತರಕ್ಕೆ ಸೋದರನಾದ ಇನ್ನೊಂದು ನಿಲವೂ ಉಂಟು: ಒಳ್ಳೆಯದನ್ನೇ ಕೇಳುವಂತೆ ಜನರನ್ನು ನಿರ್ಬಂಧಿಸಿದರೆ ಅಭಿರುಚಿ ತಾನಾಗಿ ಬೆಳೆಯುತ್ತದೆಂಬುದು. ಇದರ ಪ್ರಯೋಗವೂ ನಮ್ಮ ದೇಶದಲ್ಲಿ ನಡೆದಿದೆ. ೧೯೫೨ರಲ್ಲಿ ಬಿ. ವಿ. ಕೇಸ್ಕರ್ ಅವರು ಮಂತ್ರಿಗಳಾಗಿದ್ದಾಗ ಆಕಾಶವಾಣಿಯು ಚಲನಚಿತ್ರಗೀತೆಗಳನ್ನು ದೂರವಿಟ್ಟಿತು. ಅದೇ ವರ್ಷ ಸಂಗೀತದ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. ಎರಡನೆಯ ಕೆಲಸದಿಂದ ಆದ ಉಪಕಾರ ದೊಡ್ಡದು. ಸಣ್ಣ ಊರಿನಲ್ಲಿ ಕುಳಿತವನಿಗೂ ದೇಶದ ಹಿರಿಯ ಕಲಾವಿದರ ಗಾಯನ ವಾದನಗಳು ಕಿವಿಗೆ ಬಿದ್ದವು. ಮೊದಲನೆಯ ಕೆಲಸದ ಫಲವಾದರೋ ಬೇರೆಯಾಯಿತು. ಕೇಳುಗರು ಮುಳ್ಳನ್ನು ತಿರುಗಿಸಿ ಸಿಲೋನ್ ರೇಡಿಯೋವನ್ನು ಹಿಡಿದರು. ೧೯೫೭ರಲ್ಲಿ ವಿವಿಧಭಾರತಿಯನ್ನು ಆರಂಭಿಸಿ ಸರ್ಕಾರವೇ ಆ ಗೀತೆಗಳನ್ನು ಮರಳಿ ಬರಮಾಡಿಕೊಳ್ಳಬೇಕಾಯಿತು. ಬಾಗಿಲನ್ನು ತೆರೆದಿಡುವುದರಿಂದ ಅಭಿರುಚಿ ಬೆಳೆದೀತು. ಕಿಟಕಿಗಳನ್ನು ಮುಚ್ಚುವುದರಿಂದ ಬೆಳೆಯಲಾರದು. ಅಧ್ಯಾಪಕರಾದ ನಾವು ಇದನ್ನು ನೆನಪಿನಲ್ಲಿಡಬೇಕು.

೩

ಹಾಗಾದರೆ ಹೊಸ ಕೇಳುಗನು ಗುರುತು ಹಿಡಿಯಬೇಕಾದದ್ದು ಏನನ್ನು? ಮೂರೇ ಆಸರೆಗಳು ಸಾಕೆಂದು ನಮಗೆ ತೋರುತ್ತದೆ: ಷಡ್ಜ, ಸಂಚಾರ, ಸಮ.

ಷಡ್ಜವೆಂದರೆ ಆಧಾರಶ್ರುತಿ. ಕಛೇರಿ ಮೊದಲಾಗುವುದಕ್ಕೆ ಮುಂಚೆ ತಂಬೂರಿಯನ್ನು ಮೀಟುವಾಗ ಸಭೆಯವರು ಮಾತನಾಡುತ್ತ, ಕುರ್ಚಿಗಳನ್ನು ಸರಿಸುತ್ತ ಇರುವುದು ನಮ್ಮಲ್ಲಿ ವಾಡಿಕೆ. ವಾಸ್ತವವಾಗಿ ಹೊಸಬನು ಎಲ್ಲಕ್ಕಿಂತ ಹೆಚ್ಚು ಗಮನವಿಟ್ಟು ಕೇಳಬೇಕಾದ ಹೊತ್ತು ಅದು. ನಮ್ಮ ಸಂಗೀತದಲ್ಲಿ ಷಡ್ಜವು ಕದಲುವುದಿಲ್ಲ. ಪಾಶ್ಚಾತ್ಯ ಸಂಗೀತದಲ್ಲಿ ಒಂದು ಸ್ವರದ ಕೆಳಗಿನ ಸ್ವರಮೇಳಗಳು ಬದಲಾದಂತೆ ಆ ಸ್ವರದ ಅರ್ಥವೂ ಬದಲಾಗುತ್ತದೆ. ನಮ್ಮಲ್ಲಿ ನೆಲವು ನಿಂತಲ್ಲಿಯೇ ನಿಂತು, ನಡೆಯುವವನ ಹೆಜ್ಜೆಯಿಂದಲೇ ಅರ್ಥ ಹುಟ್ಟುತ್ತದೆ. ಆದಕಾರಣ ಹಾಡುಗಾರನು ಷಡ್ಜದಿಂದ ಎಷ್ಟು ದೂರ ಹೋದನು, ಮರಳಲು ಎಷ್ಟು ತಡಮಾಡಿದನು ಎಂಬುದೇ ಆಲಾಪನೆಯ ಕಥೆ. ಕೇಳುಗನು ಮನಸ್ಸಿನಲ್ಲಿಯೇ ಷಡ್ಜವನ್ನು ಗುನುಗಿಕೊಳ್ಳುತ್ತ ಕುಳಿತರೆ ಈ ಕಥೆ ಅವನಿಗೆ ತಿಳಿಯತೊಡಗುತ್ತದೆ.

ಸಂಚಾರವೆಂದರೆ ರಾಗದ ನಡೆ. ದೂರದಲ್ಲಿ ಬರುತ್ತಿರುವ ಪರಿಚಿತನನ್ನು ನಾವು ಮುಖ ಕಾಣುವುದಕ್ಕೆ ಮುಂಚೆಯೇ ನಡಿಗೆಯಿಂದ ಗುರುತಿಸುತ್ತೇವೆ. ರಾಗದ ಗುರುತೂ ಹಾಗೆಯೇ. ಯಾವ ಸ್ವರದ ಮೇಲೆ ನಿಲ್ಲುತ್ತದೆ, ಯಾವುದನ್ನು ಸವರಿಕೊಂಡು ಹೋಗುತ್ತದೆ, ಯಾವುದನ್ನು ಅಲುಗಿಸುತ್ತದೆ ಎಂಬುದರಲ್ಲಿ ಅದರ ವ್ಯಕ್ತಿತ್ವವಿದೆ. ಕರ್ನಾಟಕ ಪದ್ಧತಿಯ ಗಮಕ, ಉತ್ತರಾದಿಯ ಮೀಂಡು ಇವು ಸ್ವರಕ್ಕೆ ತೊಡಿಸಿದ ಒಡವೆಗಳಲ್ಲ. ಸ್ವರದ ದೇಹವೇ ಅವು. ಹಾರ್ಮೋನಿಯಮ್ಮಿನ ಸ್ವರಗಳು ಬಿಡಿ ಬಿಡಿಯಾಗಿ ನಿಂತಿವೆ, ಒಂದರಿಂದ ಇನ್ನೊಂದಕ್ಕೆ ಜಾರಲಾರವು ಎಂಬ ಆಕ್ಷೇಪಣೆ ಬಲವಾಗಿಯೇ ಇದ್ದು, ಆಕಾಶವಾಣಿಯು ೧೯೪೦ರಿಂದ ಸುಮಾರು ಮೂರು ದಶಕಗಳ ಕಾಲ ಅದನ್ನು ಹೊರಗಿಟ್ಟಿತು. ಆ ನಿಷೇಧವು ಉಚಿತವೇ ಅಲ್ಲವೇ ಎಂಬುದು ಬೇರೆ ಚರ್ಚೆ. ಹಾರ್ಮೋನಿಯಮ್ಮನ್ನೇ ಹಾಡಿಸಿದ ಕಲಾವಿದರು ನಮ್ಮ ಧಾರವಾಡದ ಕಡೆ ಕಡಮೆಯೇನಿಲ್ಲ. ಆದರೆ ಆ ವಿವಾದ ಎದ್ದಿತೆಂಬುದೇ ಸ್ವರಗಳ ನಡುವಣ ಹಾದಿಗೆ ನಮ್ಮ ಸಂಗೀತದಲ್ಲಿ ಎಷ್ಟು ಬೆಲೆಯಿದೆ ಎಂಬುದನ್ನು ತೋರಿಸುತ್ತದೆ.

ಸಮವೆಂದರೆ ತಾಳದ ಆವರ್ತವು ಮರಳಿ ಮೊದಲಾಗುವ ಎಡೆ. ಆದಿತಾಳಕ್ಕೆ ೮ ಅಕ್ಷರಕಾಲ. ಒಂದು ಘಾತ, ಕಿರುಬೆರಳಿನಿಂದ ತೊಡಗಿ ಮೂರು ಎಣಿಕೆ, ಆಮೇಲೆ ಘಾತ ವಿಸರ್ಜಿತಗಳು ಎರಡು ಸಲ. ಸಭೆಯಲ್ಲಿ ನೂರು ಕೈಗಳು ಇದನ್ನು ಹಾಕುತ್ತಿರುತ್ತವೆ. ಪಕ್ಕದವರ ಕೈಯನ್ನು ನೋಡಿ ಕಲಿಯಲು ಯಾರ ಅಪ್ಪಣೆಯೂ ಬೇಕಿಲ್ಲ. ಉತ್ತರಾದಿಯ ತೀನತಾಳಕ್ಕೆ ೧೬ ಮಾತ್ರೆ. ಒಂಬತ್ತನೆಯದರಲ್ಲಿ 'ಖಾಲಿ', ಅಂದರೆ ಚಪ್ಪಾಳೆಯಿಲ್ಲದ ಬರಿಗೈ. ವಿಲಂಬಿತ ಖಯಾಲಿನಲ್ಲಿ ಒಂದು ಆವರ್ತವೇ ಅರ್ಧ ನಿಮಿಷವನ್ನು ಮೀರಬಹುದಾದ್ದರಿಂದ ಹೊಸಬನು ಅಲ್ಲಿ ದಿಕ್ಕುತಪ್ಪುವುದು ಸಹಜ. ಅವನು ದ್ರುತ ಬಂದಿಶಿನಿಂದ ತೊಡಗುವುದು ಮೇಲು. ಗಾಯಕನೂ ತಬಲೆಯವನೂ ಬೇರೆ ಬೇರೆ ದಾರಿಯಲ್ಲಿ ಅಲೆದು ಸಮದಲ್ಲಿ ಒಟ್ಟಾಗಿ ಬಂದು ಸೇರಿದಾಗ ಸಭೆ ತಲೆದೂಗುತ್ತದೆ. ಆ ತಲೆದೂಗುವಿಕೆ ಸೋಗಿನದಲ್ಲ. ಕಾಯ್ದದ್ದು ಕೈಗೂಡಿದುದರ ನೆಮ್ಮದಿ. ಒಂದು ಸಲ ಸಮವನ್ನು ತಾನಾಗಿ ನಿರೀಕ್ಷಿಸಿ ಸರಿಯಾಗಿ ಹಿಡಿದ ವಿದ್ಯಾರ್ಥಿಯ ಅಳುಕು ಅರ್ಧ ಕಳೆಯಿತೆಂದೇ ತಿಳಿಯಬೇಕು.

೪

ಈ ಮೂರು ಆಸರೆಗಳನ್ನು ಹಿಡಿದು ಏನನ್ನು ಕೇಳಬೇಕು? ಹಿಂದಿನವರಿಗೆ ಇದ್ದದ್ದು ಅಭಾವದ ತೊಡಕು, ಇಂದಿನವರಿಗೆ ಸಮೃದ್ಧಿಯದು. ಅಂಗೈಯಲ್ಲಿರುವ ಮೊಬೈಲಿನಲ್ಲಿ ಸಾವಿರ ಧ್ವನಿಮುದ್ರಿಕೆಗಳು ದೊರೆಯುವಾಗ, ಒಂದನ್ನು ಅರ್ಧ ಕೇಳಿ ಇನ್ನೊಂದಕ್ಕೆ ಹಾರುವ ಚಪಲವೂ ಬೆಳೆಯುತ್ತದೆ. ಆದುದರಿಂದ ನಮ್ಮ ಮೊದಲ ಸಲಹೆ: ಒಂದು ತಿಂಗಳು, ಒಂದೇ ರಾಗ.

ಕನ್ನಡ ನಾಡಿನ ಕೇಳುಗನಿಗೆ ಇದಕ್ಕೆ ಒಂದು ವಿಶೇಷ ಅನುಕೂಲವಿದೆ. ಕರ್ನಾಟಕ, ಹಿಂದೂಸ್ತಾನಿ ಎಂಬ ಎರಡು ಪದ್ಧತಿಗಳೂ ಒಂದೇ ನಾಡಿನಲ್ಲಿ ಮನೆಮಾತಾಗಿರುವುದು ಇಲ್ಲಿನ ಭಾಗ್ಯ. ಮೈಸೂರಿನಲ್ಲಿ ವೀಣೆ ಶೇಷಣ್ಣ, ವಾಸುದೇವಾಚಾರ್ಯ, ಚೌಡಯ್ಯ ಅವರ ಪರಂಪರೆ. ಧಾರವಾಡ, ಹುಬ್ಬಳ್ಳಿ, ಕುಂದಗೋಳಗಳಲ್ಲಿ ಸವಾಯಿ ಗಂಧರ್ವ, ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು, ಭೀಮಸೇನ ಜೋಶಿ ಅವರ ಪರಂಪರೆ. ಮೋಹನ ರಾಗವನ್ನೇ ತೆಗೆದುಕೊಳ್ಳೋಣ. ಭೂಪದ ಐದು ಸ್ವರಗಳೇ ಇದರ ಸ್ವರಗಳು. ಕರ್ನಾಟಕ ಸಂಗೀತವನ್ನು ಕಲಿಯುವ ಮಕ್ಕಳು ಮೊದಮೊದಲು ಹಾಡುವ 'ವರವೀಣಾ' ಗೀತೆ ಈ ರಾಗದ್ದು. 'ನಿನ್ನುಕೋರಿ' ವರ್ಣವೂ ಈ ರಾಗದ್ದು. ತ್ಯಾಗರಾಜರ 'ನನು ಪಾಲಿಂಪ' ಕೃತಿಯೂ ಈ ರಾಗದ್ದು. ಯಕ್ಷಗಾನದ ಭಾಗವತರ ಕಂಠದಲ್ಲಿಯೂ ಮೋಹನವು ಕೇಳಿಬರುತ್ತದೆ. ಗೀತೆಯಿಂದ ವರ್ಣಕ್ಕೆ, ವರ್ಣದಿಂದ ಕೃತಿಗೆ, ಕೃತಿಯಿಂದ ಆಲಾಪನೆಗೆ ಎಂಬ ಕ್ರಮದಲ್ಲಿ ಕೇಳುತ್ತ ಹೋದರೆ, ಒಂದೇ ರಾಗವು ಮಗುವಿನ ಪಾಠದಿಂದ ಹಿರಿಯ ವಿದ್ವಾಂಸನ ಮನೋಧರ್ಮದವರೆಗೆ ಬೆಳೆಯುವುದನ್ನು ಕಾಣಬಹುದು. ಆಮೇಲೆ ಕಿಶೋರಿ ಅಮೋಣಕರ್ ಅವರ ಭೂಪವನ್ನು ಕೇಳಲಿ. ಸ್ವರಗಳು ಅವೇ, ನಡಿಗೆ ಬೇರೆ, ಹವೆ ಬೇರೆ. ಯಾವುದು ಒಂದೇ, ಯಾವುದು ಬೇರೆ ಎಂದು ಎರಡು ವಾಕ್ಯಗಳಲ್ಲಿ ಬರೆಯಲು ಯತ್ನಿಸಿದ ವಿದ್ಯಾರ್ಥಿಯು ಲಕ್ಷಣಗ್ರಂಥವನ್ನು ತಾನಾಗಿಯೇ ಹುಡುಕಿಕೊಂಡು ಹೋಗುತ್ತಾನೆ. ಆಗ ಆ ಗ್ರಂಥ ಅವನೊಡನೆ ಮಾತನಾಡುತ್ತದೆ.

ಎರಡನೆಯ ಸಲಹೆ, ಹಳೆಯ ಗ್ರಾಮೊಫೋನ್ ತಟ್ಟೆಗಳನ್ನು ಕುರಿತದ್ದು. ೧೯೦೨ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದಂದಿನಿಂದ ಎಷ್ಟೋ ವರ್ಷ ನಮ್ಮ ಕಲಾವಿದರು ರಾಗವನ್ನು ಸುಮಾರು ಮೂರು ನಿಮಿಷಗಳಲ್ಲಿ ಅಡಗಿಸಬೇಕಾಗಿತ್ತು. ಇದು ಕಲೆಗೆ ಒದಗಿದ ಸಂಕಟವೆಂಬುದು ನಿಜ. ಆದರೆ ಹೊಸ ಕೇಳುಗನಿಗೆ ಇದೇ ವರವಾಗಿದೆ. ೧೯೩೦ರ ದಶಕದಲ್ಲಿ ಅಬ್ದುಲ್ ಕರೀಮ್ ಖಾನರು (೧೮೭೨-೧೯೩೭) ಕೊಟ್ಟ ಭೈರವಿ, ಝಿಂಝೋಟಿಗಳ ತಟ್ಟೆಗಳಲ್ಲಿ ರಾಗದ ಮುಖ ಮೊದಲ ಉಸಿರಿಗೇ ಬೆಳಗುತ್ತದೆ. ಒಂದೇ ಸಂಜೆ ಐದಾರು ಸಲ ಕೇಳಬಹುದಾದಷ್ಟು ಚಿಕ್ಕವು ಅವು. ಕುಂದಗೋಳದ ಸವಾಯಿ ಗಂಧರ್ವರಿಗೆ ಗುರುಗಳಾದ ಈ ಖಾನ್ ಸಾಹೇಬರು ಕರ್ನಾಟಕ ಪದ್ಧತಿಯನ್ನೂ ಪ್ರೀತಿಯಿಂದ ಅಭ್ಯಸಿಸಿ, ಖರಹರಪ್ರಿಯದಲ್ಲಿರುವ ತ್ಯಾಗರಾಜರ ಕೃತಿಯೊಂದನ್ನು ತಟ್ಟೆಗೆ ಹಾಡಿದರೆಂಬುದನ್ನೂ ಇಲ್ಲಿ ನೆನೆಯಬೇಕು. ಬೆರಕೆಯ ಆಸೆ ನಮ್ಮ ಕಾಲದ ಹೊಸ ಚಪಲವೆಂದು ತಿಳಿದವರಿಗೆ ಇದು ಉತ್ತರವಾಗಿದೆ.

೫

ಈಗ ಸಂಮಿಶ್ರ ಸಂಗೀತದ ವಿಚಾರಕ್ಕೆ ಬರೋಣ. ಇದನ್ನು ಕುರಿತು ಸಭೆಗಳಲ್ಲಿ ಕೇಳಿಬರುವ ತಿರಸ್ಕಾರಕ್ಕೆ ಇತಿಹಾಸದ ಬೆಂಬಲವಿಲ್ಲ. ಮುತ್ತುಸ್ವಾಮಿ ದೀಕ್ಷಿತರು ಪಾಶ್ಚಾತ್ಯ ವಾದ್ಯವೃಂದದ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯವನ್ನು ಕೂಡಿಸಿ 'ನೋಟ್ಟುಸ್ವರ'ಗಳನ್ನು ರಚಿಸಿದರು. ಅವರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರು ಪಿಟೀಲನ್ನು ನಮ್ಮ ಸಂಗೀತಕ್ಕೆ ಒಗ್ಗಿಸಿದವರಲ್ಲಿ ಮೊದಲಿಗರು. ನಿಂತು ಗಲ್ಲಕ್ಕೊತ್ತಿ ನುಡಿಸುವ ಆ ವಾದ್ಯವನ್ನು ನಮ್ಮವರು ನೆಲದ ಮೇಲೆ ಕುಳಿತು, ಅದರ ತುದಿಯನ್ನು ಪಾದದ ಗಂಟಿನ ಬಳಿ ಆನಿಸಿ ನುಡಿಸಿದರು. ಹೀಗೆ ಮಾಡಿದ್ದರಿಂದ ಎಡಗೈಯು ತಂತಿಯ ಉದ್ದಕ್ಕೂ ಜಾರಲು ಬಿಡುವಾಯಿತು, ಗಮಕಕ್ಕೆ ದಾರಿಯಾಯಿತು. ಇಂದು ಪಿಟೀಲಿಲ್ಲದ ಕರ್ನಾಟಕ ಕಛೇರಿಯನ್ನು ಊಹಿಸುವುದೇ ಕಷ್ಟ. ಅದನ್ನು ಸಂಮಿಶ್ರವೆಂದು ಯಾರೂ ಕರೆಯುವುದಿಲ್ಲ. ನಮ್ಮ ಕಾಲದಲ್ಲಿಯೇ ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥರು (೧೯೪೯-೨೦೧೯) ನಾಗಸ್ವರದ ಮನೆತನದಲ್ಲಿ ಹುಟ್ಟಿ, ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕೇಳಿದ ಸ್ಯಾಕ್ಸೊಫೋನಿಗೆ ಮನಸೋತು, ಅದರಿಂದ ಗಮಕವನ್ನು ನುಡಿಸಿದರು. ವಾದ್ಯ ಎಲ್ಲಿಯದು ಎಂಬುದು ಪ್ರಶ್ನೆಯಲ್ಲ. ಅದು ರಾಗದ ನಡಿಗೆಯನ್ನು ಕಲಿಯಿತೇ ಎಂಬುದು ಪ್ರಶ್ನೆ.

ಹಾಗೆಂದು ಬೆರೆಸಿದ್ದೆಲ್ಲವೂ ಬೆಸುಗೆಯಾಗುವುದಿಲ್ಲ. ನಾವು ಮೇಲೆ ಹೇಳಿದ ಮೂರು ಆಸರೆಗಳೇ ಇಲ್ಲಿ ಒರೆಗಲ್ಲುಗಳೂ ಆಗುತ್ತವೆ. ಷಡ್ಜವು ನಿಂತಿದೆಯೇ, ಕದಲಿದರೆ ಅದಕ್ಕೆ ಕಾರಣವುಂಟೇ? ರಾಗವು ನಡೆಯುತ್ತಿದೆಯೇ, ಅಥವಾ ಅದರ ಸ್ವರಗಳನ್ನು ಮಾತ್ರ ಆಯ್ದುಕೊಂಡಿದ್ದಾರೆಯೇ? ಕೂಡಿ ನುಡಿಸುವವರು ಒಬ್ಬರನ್ನೊಬ್ಬರು ಕೇಳಿ, ಲೆಕ್ಕ ತಪ್ಪದೆ ಸಮಕ್ಕೆ ಬಂದು ಸೇರುತ್ತಿದ್ದಾರೆಯೇ? ಮೂರು ಪ್ರಸಿದ್ಧ ಕೃತಿಗಳನ್ನು ಈ ಒರೆಗೆ ಹಚ್ಚಿ ನೋಡೋಣ.

ಮೊದಲನೆಯದು ೧೯೬೭ರ 'ಕಾಲ್ ಆಫ್ ದಿ ವ್ಯಾಲಿ'. ಶಿವಕುಮಾರ ಶರ್ಮರ ಸಂತೂರ್, ಹರಿಪ್ರಸಾದ ಚೌರಾಸಿಯಾ ಅವರ ಕೊಳಲು, ಬ್ರಿಜಭೂಷಣ ಕಾಬ್ರಾ ಅವರ ಗಿಟಾರು ಇವು ಕೂಡಿ ಕಾಶ್ಮೀರದ ಕುರುಬನೊಬ್ಬನ ಒಂದು ದಿನವನ್ನು ಬೆಳಗಿನ ಅಹೀರ ಭೈರವದಿಂದ ಮೊದಲ್ಗೊಂಡು ಪಹಾಡಿಯವರೆಗೆ ಚಿತ್ರಿಸುತ್ತವೆ. ಗಿಟಾರು ಹೊರಗಿನಿಂದ ಬಂದದ್ದು. ಸಂತೂರ್ ಕಾಶ್ಮೀರದ್ದೇ ಆದರೂ ರಾಗಸಂಗೀತದ ವೇದಿಕೆಗೆ ಹೊಸದು. ಷಡ್ಜ ಇಲ್ಲಿ ಅಚಲವಾಗಿದೆ, ಸಂಚಾರ ಶುದ್ಧವಾಗಿದೆ. ಹೊಸಬನಿಗೆ ಇದಕ್ಕಿಂತ ಸೌಮ್ಯವಾದ ಸ್ವಾಗತ ದೊರೆಯದು. ಕೊರತೆಯೆಂದರೆ, ಎಲ್ಲವೂ ಮೊದಲೇ ಹವಣಿಸಿದ್ದು. ಪ್ರತಿಯೊಂದು ರಾಗವೂ ತನ್ನ ಚಿತ್ರವನ್ನು ತೋರಿಸಿ ಮರೆಯಾಗುತ್ತದೆ. ರಾಗವೆಂದರೆ ಒಂದು ದೃಶ್ಯಕ್ಕೆ ಹಿನ್ನೆಲೆಯೆಂಬ ತಪ್ಪುಕಲ್ಪನೆ ಇದರಿಂದ ಹುಟ್ಟಬಹುದು. ಇದನ್ನು ಕೇಳಿ ಮೆಚ್ಚಿದವನು ಇದೇ ಕಲಾವಿದರು ಒಂದೇ ರಾಗವನ್ನು ಬಿಡುವಾಗಿ ಬೆಳೆಸಿದ್ದನ್ನೂ ಕೇಳಬೇಕು.

ಎರಡನೆಯದು ಅದೇ ೧೯೬೭ರ 'ವೆಸ್ಟ್ ಮೀಟ್ಸ್ ಈಸ್ಟ್'. ಯೆಹೂದಿ ಮೆನುಹಿನ್ ಅವರು ನಮ್ಮ ಸಂಗೀತಕ್ಕೆ ನಿಜವಾದ ಮಿತ್ರರು. ೧೯೫೫ರಲ್ಲಿ ಅಲಿ ಅಕ್ಬರ್ ಖಾನರ ಸರೋದಿನ ತಟ್ಟೆ ಅಮೆರಿಕದಲ್ಲಿ ಹೊರಬಂದಾಗ ಅದಕ್ಕೆ ಮಾತಿನ ಪೀಠಿಕೆಯನ್ನು ಕೊಟ್ಟವರು ಅವರೇ. ರವಿಶಂಕರ್ ಅವರೊಡನೆ ಅವರು ನುಡಿಸಿದ 'ಸ್ವರ-ಕಾಕಲಿ' ತಿಲಂಗ್ ರಾಗವನ್ನಾಧರಿಸಿದ್ದು. ತಬಲೆ ಅಲ್ಲಾ ರಖಾ ಅವರದು. ಪಿಟೀಲಿನ ನಾದ ಸ್ವಚ್ಛ, ವಿನಯ ಸ್ತುತ್ಯ. ಆದರೂ ಇಲ್ಲಿ ಒಬ್ಬರು ತಮ್ಮ ಮನೆಯಲ್ಲಿದ್ದಾರೆ, ಇನ್ನೊಬ್ಬರು ಅತಿಥಿಯಾಗಿದ್ದಾರೆ. ಮನೋಧರ್ಮವೇ ಪ್ರಾಣವಾದ ಸಂಗೀತದಲ್ಲಿ ಒಬ್ಬರ ಪಾಲು ಮೊದಲೇ ಗೊತ್ತುಮಾಡಿದ್ದಾದರೆ ಅದು ಸಂವಾದವಾಗುವ ಬದಲು ಸೌಜನ್ಯದ ಭೇಟಿಯಾಗುತ್ತದೆ. ಭೇಟಿಗೂ ಬೆಲೆಯುಂಟು: ಲೋಕದ ಎಷ್ಟೋ ಮಂದಿ ಈ ಬಾಗಿಲಿನಿಂದಲೇ ಒಳಬಂದರು. ಆದರೆ ಭೇಟಿಯನ್ನು ಬೆಸುಗೆಯೆಂದು ಕರೆಯಲಾಗದು.

ಮೂರನೆಯದು ೧೯೭೬ರಲ್ಲಿ ಹೊರಬಂದ 'ಶಕ್ತಿ' ತಂಡದ ಮೊದಲ ಧ್ವನಿಮುದ್ರಿಕೆ. ಗಿಟಾರಿನ ಜಾನ್ ಮ್ಯಾಕ್‌ಲಾಫ್ಲಿನ್, ಪಿಟೀಲಿನ ಎಲ್. ಶಂಕರ್, ತಬಲೆಯ ಜಾಕಿರ್ ಹುಸೇನ್, ಘಟದ ವಿನಾಯಕರಾಮ್, ಮೃದಂಗದ ರಾಘವನ್ ಇವರು ಸಭೆಯ ಮುಂದೆ ನುಡಿಸಿದ್ದು ಅದು. ಇಲ್ಲಿ ಪೂರ್ವ ಪಶ್ಚಿಮಗಳು ಮಾತ್ರವಲ್ಲ, ನಮ್ಮದೇ ದಕ್ಷಿಣೋತ್ತರಗಳೂ ಕೂಡಿದವು. ತಬಲೆಯೂ ಘಟವೂ ಒಂದೇ ವೇದಿಕೆಯಲ್ಲಿ ಲೆಕ್ಕ ಹಾಕಿದವು. ಹೆಚ್ಚಿನ ಭಾಗದಲ್ಲಿ ಷಡ್ಜವು ಕದಲುವುದಿಲ್ಲ. ಈ ತಂಡಕ್ಕಾಗಿ ಮ್ಯಾಕ್‌ಲಾಫ್ಲಿನ್ ಅವರು ಮಾಡಿಸಿಕೊಂಡ ಗಿಟಾರಿನಲ್ಲಿ ಅನುರಣನದ ತಂತಿಗಳಿದ್ದವು. ವೀಣೆಯಲ್ಲಿ ಮಾಡುವಂತೆ ತಂತಿಯನ್ನು ಎಳೆದು ಸ್ವರವನ್ನು ಬಾಗಿಸಲು ಮೆಟ್ಟಿಲುಗಳ ನಡುವಣ ಮರವನ್ನು ತಗ್ಗಿಸಲಾಗಿತ್ತು. ಅಂದರೆ ಪಿಟೀಲಿನ ವಿಷಯದಲ್ಲಿ ಹಿಂದೆ ನಡೆದದ್ದೇ ಇಲ್ಲಿಯೂ ನಡೆಯಿತು: ವಾದ್ಯವು ರಾಗಕ್ಕೆ ಬಾಗಿತು. ಮೂರು ಒರೆಗಳಲ್ಲಿಯೂ ಇದು ನಿಲ್ಲುತ್ತದೆ. ಒಂದು ಆಕ್ಷೇಪಣೆಯನ್ನು ಮಾತ್ರ ಹೇಳಲೇಬೇಕು. ಇದರಲ್ಲಿ ವೇಗದ ಮೋಹ ಹೆಚ್ಚು. ಸಮಕ್ಕೆ ಬಂದು ಸೇರುವ ಉಲ್ಲಾಸವಿದೆ. ಷಡ್ಜದಿಂದ ದೂರ ಹೋಗಿ ಒಬ್ಬನೇ ಅಲೆಯುವ ವಿಶ್ರಾಂತಿ ಕಡಮೆ. ಇದನ್ನು ಮೊದಲು ಕೇಳಿದ ತರುಣನು ವೇಗವನ್ನೇ ವಿದ್ವತ್ತೆಂದು ತಿಳಿದು, ವಿಳಂಬದ ಆಲಾಪನೆಯಲ್ಲಿ ಬೇಸರಪಡುವ ಅಪಾಯವುಂಟು.

ಈ ತಂಡವು ಬೇರೆ ಬೇರೆ ರೂಪಗಳಲ್ಲಿ ಬಾಳಿ, ೨೦೨೩ರಲ್ಲಿ 'ದಿಸ್ ಮೊಮೆಂಟ್' ಎಂಬ ಕೃತಿಯನ್ನು ಕೊಟ್ಟು, ೨೦೨೪ರಲ್ಲಿ ಗ್ರ್ಯಾಮಿ ಪ್ರಶಸ್ತಿಯನ್ನು ಪಡೆಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಜಾಕಿರ್ ಹುಸೇನರು ತೀರಿಕೊಂಡರು. ಅರ್ಧ ಶತಮಾನದ ಹಾದಿಯನ್ನು ಹಿಂದಿರುಗಿ ನೋಡಿದರೆ ಒಂದು ಸಂಗತಿ ಎದ್ದುಕಾಣುತ್ತದೆ. ಸಂಮಿಶ್ರ ಸಂಗೀತದಲ್ಲಿ ಗೆದ್ದ ನಮ್ಮ ಕಲಾವಿದರು ತಮ್ಮ ತಮ್ಮ ಪದ್ಧತಿಯಲ್ಲಿ ಎಳೆತನದಿಂದ ಪಳಗಿದವರು. ಬೆರೆಸಲು ಅವರ ಕೈಯಲ್ಲಿ ಏನೋ ಇತ್ತು. ಆದಕಾರ‍ಣ ಇದನ್ನು ಸುಲಭದ ಸಂಗೀತವೆನ್ನುವುದು ತಪ್ಪು. ಚೆನ್ನಾಗಿ ಬೆರೆತ ಸಂಗೀತವನ್ನು ಕೇಳಿ ತೂಗಲು ಎರಡು ಭಾಷೆಗಳ ಪರಿಚಯ ಬೇಕು; ಒಂದು ಭಾಷೆಯ ಸಂಗೀತಕ್ಕೆ ಒಂದು ಸಾಕು. ಈ ದೃಷ್ಟಿಯಿಂದ ನೋಡಿದರೆ ಏಣಿಯ ಮೇಲಿನ ಮೆಟ್ಟಿಲು ಯಾವುದು, ಕೆಳಗಿನದು ಯಾವುದು ಎಂಬ ಎಣಿಕೆಯೇ ತಲೆಕೆಳಗಾಗುತ್ತದೆ.

೬

ನಮ್ಮ ವಿದ್ಯಾರ್ಥಿಯು ಫ್ಯೂಷನ್ನಿನಿಂದಲೇ ತೊಡಗಿದರೆ ತಡೆಯಬೇಕೆಂದು ನಮ್ಮ ಅಭಿಪ್ರಾಯವಲ್ಲ. ಯಾವ ಬಾಗಿಲಿನಿಂದ ಬಂದನೆಂದು ಯಾರನ್ನೂ ಕೇಳಬಾರದು. ಆದರೆ ಒಳಬಂದವನು ಪಡಸಾಲೆಯಲ್ಲಿಯೇ ನಿಲ್ಲದಂತೆ ನೋಡಿಕೊಳ್ಳುವುದು ಅಧ್ಯಾಪಕನ ಕೆಲಸ. ಇದಕ್ಕೆ ದೊಡ್ಡ ಏರ್ಪಾಟು ಬೇಕಿಲ್ಲ. ವಾರಕ್ಕೊಂದು ಗಂಟೆ, ಒಂದು ಕೋಣೆ, ಒಂದು ಧ್ವನಿವರ್ಧಕ, ಒಂದು ರಾಗ, ಕೇಳುವ ಮೊದಲು ಐದು ನಿಮಿಷ ತಂಬೂರಿ, ಕೇಳುವಾಗ ಮಾತಿಲ್ಲ, ಕೇಳಿದ ಮೇಲೆ ರಾಗದ ಹೆಸರನ್ನು ಮೊದಲು ಹೇಳದೆ, ಕೇಳಿದ್ದನ್ನು ಅವರವರ ಮಾತಿನಲ್ಲಿಯೇ ಹೇಳಿಸುವುದು. ಇದಕ್ಕೆ ಪರೀಕ್ಷೆಯನ್ನಾಗಲಿ ಅಂಕಗಳನ್ನಾಗಲಿ ಹಚ್ಚಬಾರದು. ತಿಂಗಳಿಗೊಂದು ಸಲವಾದರೂ ವಿದ್ಯಾರ್ಥಿಗಳನ್ನು ನಿಜವಾದ ಕಛೇರಿಗೆ ಕರೆದೊಯ್ಯಬೇಕು. ಹಾಡುವವನು ಕೆಮ್ಮುವುದು, ಶ್ರುತಿಯನ್ನು ಸರಿಪಡಿಸಿಕೊಳ್ಳುವುದು, ಮೃದಂಗದವರ ಕಡೆಗೆ ನೋಡಿ ನಗುವುದು ಇವೆಲ್ಲ ಧ್ವನಿಮುದ್ರಿಕೆಯಲ್ಲಿ ಸಿಕ್ಕವು; ಸಂಗೀತವು ಮನುಷ್ಯರು ಮಾಡುವ ಕೆಲಸವೆಂಬುದನ್ನು ಅವು ತಿಳಿಸಿಕೊಡುತ್ತವೆ. ಆ ತಿಳಿವು ಬಂದಾಗ ಅಳುಕು ಹೋಗುತ್ತದೆ.

ಅರ್ಥವಾಗುವುದಿಲ್ಲವೆಂದು ಹೇಳಿದ ವಿದ್ಯಾರ್ಥಿಯು ಸುಳ್ಳಾಡಲಿಲ್ಲ. ಆದರೆ ಅವನು ಅರ್ಥವೆಂದುಕೊಂಡದ್ದು ಹೆಸರುಗಳನ್ನು. ಆ ಹೆಸರುಗಳನ್ನು ಮುಂದಿಟ್ಟು ಅವನನ್ನು ಹೆದರಿಸಿದವರು ನಾವೇ. ಹನ್ನೊಂದನೆಯ ಸಲ ಕೇಳಿದಾಗ "ಇದು ಅದಲ್ಲ" ಎಂದು ತಾನಾಗಿ ಹೇಳಬಲ್ಲ ಕಿವಿ ಅವನಲ್ಲಿಯೂ ಇದೆ. ಅದಕ್ಕೆ ಮೊದಲ ಹತ್ತು ಸಲಗಳ ಅವಕಾಶವನ್ನು ಒದಗಿಸುವ ಹೊಣೆ ನಮ್ಮದು.